ಪೆಟ್ಟಿಗೆ ಸೇರಿದ ಕಡಲುಗಳ್ಳ

ಮದುವೆಯಾಗಿ ಮಳವಳ್ಳಿಯಿಂದ ಮದ್ದೂರು ಕಡೆಯ ಕೊಪ್ಪಕ್ಕೆ ಬಂದಾಗ ನನ್ನ ಸೀರೆಗಳ ನಡುವೆ ಒಂದು ಕಾದಂಬರಿಯೂ ಬಂತು. ರಟ್ಟು ಹರಿದಿತ್ತು, ಕಥೆ ಪೂರ್ತಿ ಇತ್ತು. ಯಾರಿಗೂ ಬಗ್ಗದ ಒಬ್ಬ ಒರಟ ಕಡಲುಗಳ್ಳ. ಕೋಣದಂಥ ಮೈ, ಕೈಯಲ್ಲಿ ಖಡ್ಗ, ಹಡಗೇ ಮನೆ. ಅವನನ್ನು ಕಲ್ಲು ಮಾಡಲು ದ್ವೀಪದಲ್ಲಿ ಕಾದಿರುವ ಮಾಟಗಾತಿ. ಸೊಸೆಯಾದವಳು ಇಂಥದ್ದನ್ನು ಓದಬಹುದೇ ಎಂದು ಯಾರೂ ಕೇಳಲಿಲ್ಲ. ಆ ಮನೆಯಲ್ಲಿ ಓದು ಬರುತ್ತಿದ್ದ ಹೆಂಗಸು ನಾನೊಬ್ಬಳೇ.

ಹುಣಸೆಹಣ್ಣಿನ ಕಾಲ. ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರು ನಮ್ಮ ಜಗಲಿಯಲ್ಲಿ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನಾನು ಓದಬೇಕು, ನನ್ನ ಪಾಲಿನ ಹಣ್ಣನ್ನು ಅವರು ಕುಟ್ಟಬೇಕು. ಈ ಏರ್ಪಾಟು ನಮ್ಮತ್ತೆಯದೇ. ನನಗೋ ಬಲು ಖುಷಿ. ಹುಣಸೆ ಕುಟ್ಟಿ ಕೈ ಕಪ್ಪು ಮಾಡಿಕೊಳ್ಳುವುದು ಯಾರಿಗೆ ಬೇಕು!

ಅತ್ತೆಗೆ ಈ ಕಥೆಯ ಮೇಲೆ ಮೋಹ ಸುಮ್ಮನೆ ಹುಟ್ಟಿರಲಿಲ್ಲ. ಅವರ ಕಿರಿಮಗ ಪಟಾಲಮ್ಮು ಸೇರಿ ಯುದ್ಧಕ್ಕೆಂದು ಹಡಗು ಹತ್ತಿದ್ದ. ಕಡಲಿಗೆ ಹೋದವರು ವಾಪಸು ಬರುತ್ತಾರೋ ಇಲ್ಲವೋ ಅವರಿಗೆ ತಿಳಿಯಬೇಕಿತ್ತು. ಮದ್ದೂರು ಕೆರೆಗಿಂತ ದೊಡ್ಡ ನೀರನ್ನು ನಾವ್ಯಾರೂ ಕಂಡಿರಲಿಲ್ಲ.

ಕಡೆಗೊಂದು ದಿನ ಕಡಲುಗಳ್ಳನ ಹಡಗು ಒಡೆಯಿತು. ಹಲಗೆ ಹಿಡಿದು ತೇಲುತ್ತಿದ್ದಾನೆ, ಬಾಯಾರಿ ನಾಲಿಗೆ ಒಣಗಿದೆ.

"ಥೂ, ದಡ್ಡ ಮುಂಡೇದೇ! ಸುತ್ತ ಅಷ್ಟೊಂದು ನೀರದೆ, ಬಗ್ಗಿ ಕುಡಿಯಾಕೇನ್ಲಾ ನಿಂಗೆ ರೋಗ?" ಅತ್ತೆ ಪುಸ್ತಕಕ್ಕೇ ಬೈದರು. ಉಳಿದವರೂ ಸೈ ಅಂದರು. ನಾಲೆ ದಂಡೆಯ ಜನ, ಕುಡಿಯಲಾಗದ ನೀರೊಂದು ಇದೆಯೆಂದರೆ ನಂಬುವುದು ಹೇಗೆ?

"ಉಪ್ಪು ಕಣತ್ತೆಮ್ಮ ಅದು," ಎಂದೆ.

ಹಣ್ಣು ಕುಟ್ಟುತ್ತಿದ್ದ ಅತ್ತೆಯ ಕೊಡತಿ ನಿಂತಿತು. "ಎಲ್ಲಾನೂವಾ?"

"ಎಲ್ಲಾನೂ."

"ಅಂಗಾರೆ ಸಾಕು ಬುಡು, ಮುಚ್ಚು. ನನ್ ಮಗ ಬರೋಗಂಟ ಇವ್ನು ಸಾಯಂಗಿಲ್ಲ."

ಪುಸ್ತಕ ಅತ್ತೆಯ ಪೆಟ್ಟಿಗೆ ಸೇರಿತು, ಬೀಗದ ಕೈ ಸೊಂಟ ಸೇರಿತು. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನು ಒಂದೇ ಒಂದು ಅಧ್ಯಾಯ! ಅದರ ಮೇಲೆ ನನ್ನ ಪಾಲಿನ ಹುಣಸೆಯೂ ನನ್ನ ಮಡಿಲಿಗೇ ಬಂತು.

ಮಾರನೆಯ ದಿನದಿಂದ ಜಗಲಿಯ ಮೂಲೆಯಲ್ಲಿ ಒಂದು ಚೆಂಬು ನೀರು, ಪಕ್ಕದಲ್ಲಿ ಅಚ್ಚು ಬೆಲ್ಲ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆ ಇದ್ದದ್ದೇ. ಆದರೆ ಇದನ್ನು ಯಾವ ನೆಂಟನೂ ಮುಟ್ಟುವಂತಿರಲಿಲ್ಲ. ದಿನಾ ಬೆಳಿಗ್ಗೆ ಅತ್ತೆ ತಾವೇ ನೀರು ಬದಲಿಸುತ್ತಿದ್ದರು. ಆಮೇಲಾಮೇಲೆ ನನ್ನ ಸಿಟ್ಟೂ ಇಳಿಯಿತು. ಅವರಿಗೆ ಜ್ವರ ಬಂದಾಗ ಆ ಚೆಂಬು ತುಂಬಿಸಿದವಳು ನಾನೇ.

ಯುದ್ಧ ಮುಗಿದ ಮೇಲೆ ಒಂದು ಸಂಜೆ ಮೈದುನ ಬೂಟು ಸದ್ದು ಮಾಡುತ್ತ ಬಂದ. ಅತ್ತೆ ಅಳಲಿಲ್ಲ, ಅಪ್ಪಲಿಲ್ಲ. ಚೆಂಬು ಎತ್ತಿ ಕೊಟ್ಟರು.

"ಮೊದ್ಲು ಬೆಲ್ಲ ತಿನ್ಲಾ. ಬಾಯೆಲ್ಲ ಉಪ್ಪಾಗಿರ್ತದೆ." ಅವನು ಕುಡಿದು ಮುಗಿಸುವ ತನಕ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು: "ಮಾಟಗಾತಿ ಗೀಟಗಾತಿ ಸಿಕ್ಕಿದ್ಲೇನ್ಲಾ?"

ಅವನು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅತ್ತೆ ಒಳಗೆ ಹೋಗಿ ಪೆಟ್ಟಿಗೆ ತೆಗೆದು ಪುಸ್ತಕ ತಂದರು.

"ತಗೊಳಮ್ಮ, ಓದು. ಇನ್ನು ಅವ್ನು ಬದುಕಿದ್ರೇನು, ಸತ್ರೇನು, ನಂಗೇನಾಗ್ಬೇಕು?"

ನಾನು ಓದತೊಡಗಿದೆ. ಹಲಗೆ ಕೈಜಾರಿ ಕಡಲುಗಳ್ಳ ನೀರಿಗೆ ಬಿದ್ದ. ಪುಟ ಮಗುಚುವ ಮುಂಚೆ ತಲೆಯೆತ್ತಿ ನೋಡಿದರೆ, ಅತ್ತೆ ಮಗನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.