ಉಸಿರುಗೂಡಿಸಿದ ಮಾಸ್ತರರು

ಹೋದ ತಿಂಗಳು ಕಲಬುರಗಿಯ ದವಾಖಾನೆಯಲ್ಲಿ ನನ್ನ ಮೂಗಿಗೆ ನಳಿಕೆ ಹಚ್ಚಿದ್ದರು. ತಲೆಯ ಹಿಂದೆ ಗೋಡೆಗೆ ಸಿಕ್ಕಿಸಿದ ನೀರಿನ ಬಾಟಲಿಯಲ್ಲಿ ಗುಳುಗುಳು ಗುಳ್ಳೆ ಏಳುತ್ತಿತ್ತು. ಆ ಸದ್ದು ಕೇಳುತ್ತಲೇ ಸೇಡಂನ ಶಾಲೆ, ನಮ್ಮ ವಿಜ್ಞಾನದ ಮಾಸ್ತರರು…

ನಿಜಾಮರ ಆಳ್ವಿಕೆ ಮುಗಿದು, ಪಾಠಗಳು ಉರ್ದುವಿನಿಂದ ಕನ್ನಡಕ್ಕೆ ಬಂದ ಹೊಸತು. ಮಾಸ್ತರರ ಮನೆಮಾತು ಕನ್ನಡವೇ. ಆದರೆ ವಿಜ್ಞಾನ ಕಲಿತದ್ದೆಲ್ಲ ಉರ್ದುವಿನಲ್ಲಿ. ಆಕ್ಸಿಜನ್ ಕೂಡಿಸುವುದಕ್ಕೆ ಅವರ ನಾಲಿಗೆಯ ಮೇಲಿದ್ದ ಪದ ‘ತಕ್ಸೀದ್’. ಹೊಸ ಪುಸ್ತಕದಲ್ಲಿದ್ದದ್ದು ‘ಆಮ್ಲಜನಕೀಕರಣ’. ಅಬ್ಬಬ್ಬಾ! ಅವರು ಅರ್ಧಕ್ಕೇ ತೊದಲುತ್ತಿದ್ದರು, ನಾವು ಹಲ್ಲು ಕಿಸಿಯುತ್ತಿದ್ದೆವು. ಆಮ್ಲವೆಂದರೆ ಹುಳಿ ಎಂದು ಅವರು ಬಿಡಿಸಿ ಹೇಳಿದ ದಿನ ನಾನೇ ಎದ್ದು, “ಹಂಗಾರ ಗಾಳಿ ಹುಳಿ ಇರ್ತದೇನ್ರಿ ಮಾಸ್ತರ?” ಎಂದಿದ್ದೆ. ಅವರಿಗೂ ನಗು ತಡೆಯಲಿಲ್ಲ.

ಆದರೆ ನಗುವ ಹೊತ್ತಾಗಿರಲಿಲ್ಲ ಅದು. ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಕನ್ನಡದಲ್ಲಿ ಪಾಠ ಹೇಳಲು ಬರದಿದ್ದರೆ ಮಾಸ್ತರರ ನೌಕರಿಗೇ ಕುತ್ತು. ಬೇರೆ ಕೆಲಸ ನೋಡಿಕೊಳ್ಳಿ ಎಂದು ಬುದ್ಧಿ ಹೇಳಿದವರೇ ಹೆಚ್ಚು.

“ಎಲ್ಲಿಗೂ ಹೋಗಂಗಿಲ್ರಿ. ನಮ್ಮವ್ವನ ಮಾತಿನ್ಯಾಗ ನನಗ ಪಾಠ ಹೇಳಲಿಕ್ಕ ಬರಲ್ಲಂದ್ರ ಹ್ಯಾಂಗ?” ಎಂದರು ಮಾಸ್ತರರು.

ಸಾಹೇಬರು ಬಂದ ದಿನ ಮಾಸ್ತರರ ಮೇಜಿನ ಮೇಲೆ ಎರಡು ತಂಬಿಗೆ, ಒಂದರಲ್ಲಿ ಕಾಯಿಸಿ ಆರಿಸಿದ ನೀರು. ನನ್ನನ್ನು ಕರೆದು ಕುಡಿಸಿದರು.

“ಹ್ಯಾಂಗದ ತಂಗಿ?”

“ಸಪ್ಪಗದರಿ. ಸತ್ತ ನೀರು.” ನಮ್ಮಜ್ಜಿ ಹಾಗೇ ಅನ್ನುತ್ತಿದ್ದಳು.

ಅವರು ತಂಬಿಗೆಯನ್ನು ಎತ್ತರಕ್ಕೆ ಹಿಡಿದು ಇನ್ನೊಂದಕ್ಕೆ ಧೋ ಎಂದು ಸುರಿದರು. ಮತ್ತೆ ಸುರಿದರು. ಕುಡಿದರೆ, ರುಚಿ ಬಂದಿತ್ತು!

“ಕುದ್ದಾಗ ನೀರಾಗಿನ ಆಮ್ಲಜನಕ ಹೋಗಿತ್ತು. ಗಾಳ್ಯಾಗಿಂದ ಈಗ ತಿರುಗಿ ಕೂಡ್ತು. ಇದಕ್ಕ ನಾ ಉಸಿರುಗೂಡಿಸೋದು ಅಂತೀನಿ. ನಮ್ಮ ಎದ್ಯಾಗ ರಕ್ತಕ್ಕೂ ಹಿಂಗೇ ಉಸಿರುಗೂಡ್ತದ.”

“ಈ ಪದ ಪುಸ್ತಕದಾಗ ಇಲ್ಲಲ್ರಿ?” ಎಂದರು ಸಾಹೇಬರು.

“ಇಲ್ರಿ. ಪುಸ್ತಕದ್ದೂ ಕಲಿಸ್ತೀನಿ. ಮೊದಲ ಮಕ್ಕಳಿಗಿ ತಿಳೀಲಿ.” ಹೀಗೆಂದವರೇ ‘ಆಮ್ಲಜನಕೀಕರಣ’ವನ್ನೂ ತೊದಲದೆ ಹೇಳಿಬಿಟ್ಟರು. ನಮಗೆ ಭಲೇ ಅನ್ನಬೇಕೆನಿಸಿತು.

ಸಾಹೇಬರು ತಾವೂ ಒಂದು ಗುಟುಕು ಕುಡಿದು, “ನೀವೇ ಕಲಿಸ್ರಿ” ಎಂದರು.

ಮಾಸ್ತರರು ತೀರಿಹೋಗಿ ಎಷ್ಟೋ ವರ್ಷವಾಯಿತು. ಅವರ ಪದ ಯಾವ ಪುಸ್ತಕಕ್ಕೂ ಸೇರಲಿಲ್ಲ. ಜೊತೆಗೆ ಕಲಿತವರೂ ಒಬ್ಬೊಬ್ಬರಾಗಿ…

“ಅಜ್ಜಿ, ಆಕ್ಸಿಜನ್ ತೆಗೀಲೇನ್ರಿ?” ಎಂದಳು ನರ್ಸ್ ಹುಡುಗಿ.

“ಇರಲಿ ತಂಗಿ, ಇನ್ನೊಂದೀಟು ಉಸಿರುಗೂಡಲಿ.”

“ಏನಂದ್ರಿ?”

ಈ ಪದ ಬಲ್ಲವಳು ನಾನೊಬ್ಬಳೇ ಉಳಿದಿದ್ದೆ. ಅವಳ ಕೈ ಹಿಡಿದು ಕೂಡಿಸಿಕೊಂಡೆ. ಆ ಪದ ಅವಳ ಬಾಯಿಗೆ ಬರುವ ತನಕ ಹೇಳಿಸಿ, ಆಮೇಲೆಯೇ ಬಿಟ್ಟೆ.