ಅಳಿಯನ ಮುಖ ನೋಡದೆ ಕಲಿಸಿದ ಮೇಷ್ಟ್ರಮ್ಮ

ಹೊತ್ತು ಇನ್ನೂ ಮೂಡಿಲ್ಲ. ಆಸ್ಟ್ರೇಲಿಯಾದ ನಡುಮರಳುಗಾಡಿನ ಕೊರೆಲ್ಲಾ ಬೋರ್ ಎಂಬ ಊರಿನಲ್ಲಿ, ಫುಟ್‌ಬಾಲ್ ಬಯಲಿನ ಕೆಂಪು ಮಣ್ಣಿನ ಮೇಲೆ ಮರ್ನಾ ನಕಮಾರಾ ಸೊಂಟ ಬಗ್ಗಿಸಿ ನಡೆಯುತ್ತಿದ್ದಾರೆ. ನಿನ್ನೆ ಸಂಜೆ ಓಡಿದ ಬಿಳಿ ಕಾರಿನ ಟೈರಿನ ಗುರುತುಗಳನ್ನು ಗಾಳಿ ಏಳುವ ಮೊದಲು ಓದಿ ಮುಗಿಸಬೇಕು.

"ನೋಡು ಮೈದುನ, ಇಲ್ಲಿ ಮಣ್ಣು ಮುಂದಕ್ಕೆ ಗುಡ್ಡೆ ಆಗಿದೆ. ಬ್ರೇಕು ತಡವಾಗಿ ಒತ್ತಿದಾನೆ. ತಿರುವು ಅಗಲ ಆಯ್ತು. ಎದುರಿಗೆ ಟ್ರಕ್ ಬಂದಿದ್ರೆ?"

"ಟ್ರಕ್ ಇರ್ಲಿಲ್ವಲ್ಲ ಅತ್ತಿಗೆ" ಎನ್ನುತ್ತಾರೆ ಹಿಂದೆ ಬರುತ್ತಿರುವ ಟ್ರೆವರ್ ಹ್ಯಾಸ್ಕೆಟ್.

"ನಿನ್ನ ತಲೇಲಿ ಕೂದಲೂ ಇಲ್ಲ. ಹಂಗಂತ ಜೇಬಲ್ಲಿರೋ ಬಾಚಣಿಗೆ ಬಿಸಾಕಿದೀಯಾ?"

ಮರ್ನಾ ಮಂಡಿಯೂರಿ ಕಡ್ಡಿಯಿಂದ ನೆಲದ ಮೇಲೆ ತಿರುವನ್ನು ಬರೆಯುತ್ತಾರೆ. ಎಲ್ಲಿ ವೇಗ ತಗ್ಗಿಸಬೇಕೋ ಅಲ್ಲಿ ಅಡ್ಡಗೆರೆ, ಎಲ್ಲಿ ಮೂರು ಎಣಿಸುವಷ್ಟು ಹೊತ್ತು ಪೂರಾ ನಿಲ್ಲಬೇಕೋ ಅಲ್ಲಿ ಅಂಗೈಯ ಅಚ್ಚು. ಬರೆದಾದ ಮೇಲೆ ಎದ್ದು, ತಿರುಗಿ ನೋಡದೆ ಶಾಲೆಯ ಹಿಂದಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಅವರು ಕಣ್ಮರೆಯಾದ ಮೇಲೆಯೇ ಗ್ಲೆನ್‌ರಾಯ್ ಬಂದು, ಆ ಗೆರೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಪಾಠ ಓದಿಕೊಳ್ಳುತ್ತಾನೆ. ಆಮೇಲೆ ಟ್ರೆವರ್ ಪಕ್ಕದಲ್ಲಿ ಕೂತು ಕಾರು ಓಡಿಸುತ್ತಾನೆ. ಮೂರು ತಿಂಗಳಿಂದ ಹೀಗೇ ನಡೆದಿದೆ.

ಗ್ಲೆನ್‌ರಾಯ್ ಮರ್ನಾ ಅವರ ಮಗಳು ರೋಸ್ಲಿನ್‌ಳ ಗಂಡ. ಇಲ್ಲಿನ ಮೂಲನಿವಾಸಿಗಳಲ್ಲಿ ಅತ್ತೆ ಅಳಿಯನ ಮುಖ ನೋಡುವಂತಿಲ್ಲ, ಹೆಸರು ಹೇಳುವಂತಿಲ್ಲ. ಒಂದೇ ಕಾರಿನಲ್ಲಿ ಅಕ್ಕಪಕ್ಕ ಕೂರುವುದಂತೂ ದೂರದ ಮಾತು. ಇದು ಹಗೆಯಲ್ಲ, ಒಬ್ಬರಿಗೊಬ್ಬರು ಕೊಡುವ ಅತಿ ದೊಡ್ಡ ಮರ್ಯಾದೆ. ಮಗಳನ್ನು ಕಟ್ಟಿಕೊಂಡವನೊಬ್ಬನೇ ಅಲ್ಲ, ಜಂಗಲಾ ಎಂಬ ಅವನ ಕುಲದ ಗಂಡಸರೆಲ್ಲರೂ ಮರ್ನಾಗೆ ಅಳಿಯಂದಿರೇ.

ಐವತ್ತೆಂಟರ ಮರ್ನಾ ಈ ಡ್ರೈವಿಂಗ್ ಶಾಲೆಯ ಏಕೈಕ ಮೇಷ್ಟ್ರಮ್ಮ. ಹದಿಮೂರರಲ್ಲಿ ದನ ಸಾಕುವ ಎಸ್ಟೇಟಿನ ನೀರಿನ ಲಾರಿ ಓಡಿಸಿದವರಿಗೆ ಲೈಸೆನ್ಸ್ ಸಿಕ್ಕಿದ್ದು ನಲವತ್ತೊಂದರಲ್ಲಿ. "ಹುಟ್ಟಿದ್ದಕ್ಕೆ ಕಾಗದ ಕೇಳಿದ್ರು. ನಾನೇ ಎದುರಿಗೆ ನಿಂತಿದ್ದೆ. ಅದು ಸಾಲ್ಲಿಲ್ಲ" ಎನ್ನುವಾಗ ಅವರು ನಗುವುದಿಲ್ಲ. ಬಟ್ಟೆ ಒಗೆಯುವ ಹಳೆಯ ಕೊಟ್ಟಿಗೆಯಲ್ಲಿ ಒಂದೇ ಕಾರಿನಿಂದ ಶುರುವಾದ ಶಾಲೆಗೆ ಈಗ ಒಂಬತ್ತು ವರ್ಷ. ಎರಡು ಕಾರು, ಮೂವತ್ನಾಲ್ಕು ಕಲಿಯುವವರು, ಬಿಸಿಲಿನ ಕಾವಿಲ್ಲದ ಹೊತ್ತಿನಲ್ಲಿ ದಿನಕ್ಕೆ ನಾಲ್ಕು ಪಾಠ. ಇದುವರೆಗೆ ಅರವತ್ತೊಂದು ಜನ ಲೈಸೆನ್ಸ್ ಪಡೆದಿದ್ದಾರೆ. ಇಲ್ಲಿ ಅದು ಬರೀ ಕಾಗದವಲ್ಲ. ಆಸ್ಪತ್ರೆ ನೂರಾಹತ್ತು ಕಿಲೋಮೀಟರ್ ದೂರ, ಬಸ್ಸಿಲ್ಲ. ಕಾಗದವಿಲ್ಲದೆ ಓಡಿಸಿದರೆ ಪೊಲೀಸರು ಬಿಡುವುದಿಲ್ಲ. ಈ ಊರಿನ ಗಂಡಸರಲ್ಲಿ ಹಲವರು ಜೈಲು ಕಂಡಿರುವುದು ಕಳವಿಗಲ್ಲ, ಕಾಯಿಲೆಯವರನ್ನು ಕಾರಿನಲ್ಲಿ ಕರೆದೊಯ್ದದ್ದಕ್ಕೆ.

ಶಾಲೆ ಬೆಳೆಯಬೇಕೆಂದು ನಗರದಿಂದ ಕಸುಬು ಬಲ್ಲ ಸ್ವಯಂಸೇವಕರು ಬರುತ್ತಾರೆ. ಕಳೆದ ವರ್ಷ ಬಂದವರು ಫೆಲಿಸಿಟಿ, ದೊಡ್ಡ ಕಂಪನಿಗಳಿಗೆ ಸಲಹೆ ಕೊಡುವವರು. ಒಳ್ಳೆಯ ಹೆಂಗಸು. ಆರು ವಾರ ಹಗಲಿರುಳು ಕೂತು, ಯಾರು ಯಾವ ದಿನ ಯಾವ ಕಾರಿನಲ್ಲಿ ಎಂಬ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮಾಡಿಕೊಟ್ಟರು. ಮೂರು ಪಾಠ ತಪ್ಪಿಸಿದವರ ಹೆಸರು ತಾನೇ ಅಳಿಸಿಹೋಗುವಂತೆಯೂ ಮಾಡಿದರು. ಸಭೆ ಕರೆದು, "ಯಾರಿಗಾದ್ರೂ ಏನಾದ್ರೂ ತೊಂದರೆ ಇದೆಯಾ?" ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. 'ಎಲ್ಲರೂ ಒಪ್ಪಿದ್ದಾರೆ' ಎಂದು ಬರೆದುಕೊಂಡರು.

ಮೌನಕ್ಕೆ ಸಮ್ಮತಿ ಎಂದು ಅರ್ಥ ಹೇಳಿದವರು ಈ ಊರಿನ ಮೌನವನ್ನು ಕೇಳಿರಲಾರರು. ಆ ಪಟ್ಟಿಯಲ್ಲಿ ಅತ್ತೆಯ ಪಕ್ಕದ ಸೀಟಿಗೆ ಅಳಿಯಂದಿರ ಹೆಸರಿತ್ತು. ಅದನ್ನು ಸಭೆಯಲ್ಲಿ, ಹೊರಗಿನವರ ಮುಂದೆ, ಬಾಯಿಬಿಟ್ಟು ಹೇಳುವುದೇ ನಾಚಿಕೆ. ಹಾಗಾಗಿ ಆ ಗಂಡಸರು ಪಾಠಕ್ಕೆ ಬರಲಿಲ್ಲ. ಮರ್ನಾ ಕೂಡ ಹೋಗಲಿಲ್ಲ. ಕಾರು ನೆರಳಲ್ಲಿ ಸುಮ್ಮನೆ ನಿಂತಿತ್ತು. ಎರಡು ತಿಂಗಳಲ್ಲಿ ಹನ್ನೊಂದು ಹೆಸರು ಅಳಿಸಿಹೋದವು. ಅವರಲ್ಲಿ ಒಂಬತ್ತು ಜನ ಜಂಗಲಾಗಳು. ಆ ಹೆಸರುಗಳ ಎದುರಿಗೆ ಕಂಪ್ಯೂಟರು ಬರೆದ ಕಾರಣ: ಆಸಕ್ತಿಯಿಲ್ಲ.

"ಆಸಕ್ತಿ ಇಲ್ವಂತೆ!" ಮರ್ನಾ ಚಹಾದ ಲೋಟವನ್ನು ನೆಲಕ್ಕೆ ಕುಕ್ಕುತ್ತಾರೆ. "ಒಂಬತ್ತು ಗಂಡಸರು ಒಟ್ಟಿಗೆ ಸೋಮಾರಿಗಳಾದ್ರಾ? ಯಾಕೆ ಅಂತ ಒಬ್ರಾದ್ರೂ ಕೇಳಿದ್ರಾ? ನಗರದಿಂದ ವರದಿ ಪುಸ್ತಕ ಬಂತು, ಬಣ್ಣದ ಫೋಟೋ ಹಾಕಿ. ಶಾಲೆ ಬೆಳೀತಿದೆ ಅಂತೆ. ಯಾರನ್ನ ಕಿತ್ತು ಬೆಳೆಸಿದ್ರು, ಅದನ್ನ ಯಾವ ಪುಟದಲ್ಲಿ ಬರ್ದಿದಾರೆ?"

ಯಾಕೆ ಅಂತ ಕೇಳಿದವರು ಟ್ರೆವರ್ ಒಬ್ಬರೇ. ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದ ಅವರು ಕಲಿಸುವವರ ಕಾಲಡಿಗೆ ಎರಡನೇ ಬ್ರೇಕು ಜೋಡಿಸಲು ಮೂರು ವಾರಕ್ಕೆಂದು ಬಂದರು. ನಿಂತ ಕಾರನ್ನು ನೋಡಿ ಯಾರನ್ನೂ ಕೇಳದೆ ಒಂದು ವಾರ ಸುಮ್ಮನಿದ್ದರು. ಆಮೇಲೆ ಮರ್ನಾ ಅವರ ಗಂಡ ಕ್ಲಾರಿಯ ಜೊತೆ ಬೆಂಕಿಯ ಮುಂದೆ ಕೂತು ಕಾಂಗರೂ ಬಾಲ ತಿನ್ನುತ್ತಾ ಕೇಳಿದರು. ಕ್ಲಾರಿ ಎರಡೇ ಮಾತಿನಲ್ಲಿ ಹೇಳಿದರು, ಜೊತೆಗೆ ಅವರನ್ನು ತಮ್ಮನೆಂದೂ ಕರೆದರು. ಹಾಗೆ ಟ್ರೆವರ್ ಮರ್ನಾಗೆ ಮೈದುನರಾದರು, ಬೈಸಿಕೊಳ್ಳುವ ಹಕ್ಕು ಪಡೆದರು. ಮೂರು ವಾರ ಕಳೆದರೂ ಹೊರಡದೆ ಉಳಿದರು, ಅಳಿಯಂದಿರ ಪಕ್ಕದ ಸೀಟು ಅವರದಾಯಿತು. ಆದರೆ ಮರಳ ದಾರಿ, ದನ ಅಡ್ಡ ಬರುವ ದಾರಿ ಅವರಿಗೆ ತಿಳಿಯದು. ಅದು ಮರ್ನಾ ಕಡ್ಡಿಯಲ್ಲಿ ಬರೆಯುವ ಪಾಠ.

ಇವತ್ತು ಪರೀಕ್ಷೆ. ಅಧಿಕಾರಿ ಬರುವುದು ಎರಡು ತಿಂಗಳಿಗೊಮ್ಮೆ, ಒಂದೇ ದಿನ. ಕ್ಲಾರಿಯ ಮೂತ್ರಪಿಂಡ ಕೆಟ್ಟು ನಾಲ್ಕು ವರ್ಷ. ವಾರಕ್ಕೆ ಮೂರು ಸಲ ಊರಿನ ಐವರು ಮುದುಕರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ವ್ಯಾನಿನ ಚಾಲಕ ನಾಳೆ ಊರು ಬಿಡುತ್ತಾನೆ. ಆ ಕೆಲಸ ಹಿಡಿಯಲು ಸಿದ್ಧನಿರುವವನು ಗ್ಲೆನ್‌ರಾಯ್ ಒಬ್ಬನೇ. ಇವತ್ತು ಲೈಸೆನ್ಸ್ ಸಿಗದಿದ್ದರೆ ಸೋಮವಾರ ವ್ಯಾನು ಹೊರಡುವುದಿಲ್ಲ.

ಅಧಿಕಾರಿ ಕಂಪ್ಯೂಟರು ಬಿಚ್ಚಿ ತಲೆಯಾಡಿಸುತ್ತಾನೆ. "ಈ ಹೆಸರು ಇಲ್ಲ. ಮೂರು ಪಾಠಕ್ಕೆ ಗೈರು, ತೆಗೆದುಹಾಕಿದಾರೆ. ಮತ್ತೆ ಸೇರಿಸ್ಕೊಂಡು ಮುಂದಿನ ಸಲ ಬನ್ನಿ."

"ಮೂರು ತಿಂಗಳಿಂದ ನಾನೇ ಪಕ್ಕದಲ್ಲಿ ಕೂತಿದೀನಿ" ಎಂದು ಟ್ರೆವರ್ ಏರುದನಿ ಮಾಡುತ್ತಾರೆ.

"ನೀವು ಬ್ರೇಕ್ ಹಾಕೋಕೆ ಬಂದೋರು. ಶಾಲೆಯ ಮೇಷ್ಟ್ರು ಹೇಳ್ಬೇಕು."

ಗ್ಲೆನ್‌ರಾಯ್ ಕಾರಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದಾನೆ. ಎಲ್ಲರ ಕಣ್ಣು ಶಾಲೆಯ ಹಿಂಗೋಡೆಯ ಕಡೆಗೆ. ಮರ್ನಾ ಎದ್ದು ಬರುತ್ತಾರೆ, ಹೆಗಲ ಮೇಲಿನ ಟವೆಲನ್ನೇ ಸೆರಗಿನಂತೆ ಎಳೆದು ಕೆನ್ನೆ ಮರೆಮಾಡಿಕೊಂಡು, ಕಾರಿಗೆ ಬೆನ್ನು ಕೊಟ್ಟು.

"ಬರೀರಿ. ಆ ಮನುಷ್ಯ ನನ್ನ ಮಗಳ ಗಂಡ. ಅವನ ಪಕ್ಕ ನಾನು ಕೂರಂಗಿಲ್ಲ. ಇದನ್ನ ಜನರ ಮುಂದೆ ಹೇಳಿಸಿದ್ರಲ್ಲ, ನಿಮಗೆ ಸಮಾಧಾನ ಆಯ್ತಾ?" ಟವೆಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಾರೆ. "ಆ ಮೂರು ದಿನ ಅವನು ಬರ್ಲಿಲ್ಲ. ನಾನೂ ಹೋಗ್ಲಿಲ್ಲ. ಅವನ ಹೆಸರು ಹೊಡೆದ್ರಲ್ಲ, ನನ್ನದನ್ನೂ ಹೊಡೀರಿ. ಮೇಷ್ಟ್ರು ಇಲ್ದಿರೋ ಶಾಲೇನ ನಿಮ್ಮ ಪುಸ್ತಕದಲ್ಲೇ ಬೆಳೆಸ್ಕೊಳ್ಳಿ."

ಅಧಿಕಾರಿ ಪರದೆ ನೋಡುತ್ತಾನೆ, ಆ ಬೆನ್ನನ್ನು ನೋಡುತ್ತಾನೆ. ಕೊನೆಗೆ ಕಂಪ್ಯೂಟರು ಮುಚ್ಚಿ ಕಾಗದದ ನಮೂನೆಯೊಂದನ್ನು ತೆಗೆಯುತ್ತಾನೆ. ಕಾರು ಹೊರಡುತ್ತದೆ. ಮುಕ್ಕಾಲು ಗಂಟೆಯ ನಂತರ ರೋಸ್ಲಿನ್ ಓಡಿಬಂದು ತಾಯಿಯ ಕಿವಿಯಲ್ಲಿ ಒಂದೇ ಮಾತು ಹೇಳುತ್ತಾಳೆ: ಪಾಸು. ಮರ್ನಾ ಅಂಗಳ ದಾಟಿ ಹೋಗಿ, ಟೈರಿನ ಗುರುತು ನೋಡಿಯೇ ನಂಬುತ್ತಾರೆ.

ಉಳಿದ ಎಂಟು ಜನ ಜಂಗಲಾಗಳ ಹೆಸರು ಇನ್ನೂ ಪಟ್ಟಿಯ ಹೊರಗಿದೆ. ಏನು ಬೇಕೆಂದು ಕೇಳಿದರೆ ಮರ್ನಾ ಎರಡು ಬೆರಳು ಎತ್ತುತ್ತಾರೆ. "ಅಳಿಯಂದಿರ ಪಕ್ಕ ಕೂರೋಕೆ ನಮ್ಮವನೇ ಒಬ್ಬ ಮೇಷ್ಟ್ರು. ಮೈದುನ ಎಷ್ಟು ದಿನ ಇರ್ತಾನೆ? ಆಮೇಲೆ, ಬರೋರು ಪಟ್ಟಿ ಮಾಡೋ ಮೊದ್ಲು ನಮ್ಮ ಜೊತೆ ಒಂದು ಬಾಲ ತಿನ್ಲಿ. ಅಷ್ಟೇ."

ಸೋಮವಾರ ಬೆಳಗಿನ ಐದಕ್ಕೆ ವ್ಯಾನು ಬಾಗಿಲಿಗೆ ಬರುತ್ತದೆ. ಕ್ಲಾರಿ ಹತ್ತುತ್ತಾರೆ. ಮರ್ನಾ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಂತಿದ್ದಾರೆ. ವ್ಯಾನು ಹೊರಟು, ದೊಡ್ಡ ರಸ್ತೆ ಸೇರುವಲ್ಲಿ ಸದ್ದು ತಗ್ಗುತ್ತದೆ. ಅವರ ತುಟಿ ಅಲುಗುತ್ತದೆ: ಒಂದು, ಎರಡು, ಮೂರು. ಮತ್ತೆ ಗೇರು ಬೀಳುತ್ತದೆ.

"ಪೂರಾ ನಿಲ್ಲಿಸ್ದ" ಎನ್ನುತ್ತಾರೆ ಗೋಡೆಗೆ. "ಯಾರೂ ನೋಡ್ತಿಲ್ಲ ಅಂತ ಗೊತ್ತಿದ್ರೂ ನಿಲ್ಲಿಸ್ದ."