ಮೊದಲ ದೂರು ಬಂದ ಹೊತ್ತು

ನನ್ನ ಸೊಸೆ ಗ್ಯಾಸ್ ಕಂಪನಿಯಲ್ಲಿದ್ದಾಳೆ ಎಂದರೆ ನಮ್ಮ ನೆಂಟರಿಗೆಲ್ಲ ನೆನಪಾಗುವುದು ಸಿಲಿಂಡರೇ. ಒಂದು ನಾಮಕರಣದ ಮನೆಯಲ್ಲಿ ನನ್ನ ಓರಗಿತ್ತಿ ಅವಳ ಕೈ ಹಿಡಿದುಕೊಂಡು, “ನಮ್ಮ ಬುಕಿಂಗ್ ಸ್ವಲ್ಪ ಬೇಗ ಬರೋ ಹಾಗೆ ಮಾಡ್ಸಮ್ಮ” ಎಂದು ಕೇಳಿದ್ದಳು. ಅವಳು ನಗುತ್ತಾ, “ಆಂಟಿ, ನಮ್ದು ಸಿಲಿಂಡರ್ ಅಲ್ಲ, ಪೈಪ್‌ಲೈನು” ಎಂದಳು. “ಪೈಪ್‌ಲೈನಲ್ಲಿ ನೀನೇನ್ ಮಾಡ್ತೀಯ?” ಎಂದು ಓರಗಿತ್ತಿ ಬಿಡಲಿಲ್ಲ. “ಸರ್ಕಾರಕ್ಕೆ ರಿಪೋರ್ಟ್ ಕಳಿಸ್ತೀನಿ.” ಓರಗಿತ್ತಿಯ ಮುಖ ಸಪ್ಪಗಾಯಿತು. ನನಗೂ ಆಗ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದ ಹುಡುಗಿ ಜೆ.ಪಿ. ನಗರದ ಆಫೀಸಿಗೆ ಹೋಗಿ ದಿನವಿಡೀ ಏನು ಬರೆಯುತ್ತಾಳೋ ಎಂದುಕೊಳ್ಳುತ್ತಿದ್ದೆ.

ಮಗ ಬ್ಯಾಂಕಿನ ಮೈಸೂರು ಶಾಖೆಯಲ್ಲಿದ್ದುದರಿಂದ ವಾರದ ದಿನಗಳಲ್ಲಿ ಬನಶಂಕರಿಯ ಮನೆಯಲ್ಲಿ ನಾವಿಬ್ಬರೇ, ಅತ್ತೆ ಮತ್ತು ಸೊಸೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ಮಾತಾಡುವ ಚಟ ಇನ್ನೂ ಹೋಗಿಲ್ಲ. ಅವಳು ಮಿತಭಾಷಿ. ಆದರೆ ಬೀದಿಗೆ ಪೈಪು ಬಂದು ನಮ್ಮ ಒಲೆಗೆ ಸಂಪರ್ಕ ಕೊಟ್ಟ ದಿನ ಒಂದು ವಿಷಯವನ್ನು ಮಾತ್ರ ನನ್ನಿಂದ ಬಾಯಿಪಾಠ ಒಪ್ಪಿಸಿಕೊಂಡಿದ್ದಳು. “ಅತ್ತೆ, ವಾಸನೆ ಬಂದ್ರೆ ಸ್ವಿಚ್ ಮುಟ್ಟಬೇಡಿ. ಅಲ್ಲೇ ನಿಂತು ಫೋನೂ ಮಾಡಬೇಡಿ. ದೂರ ಹೋಗಿ, ಆಮೇಲೆ ಎಮರ್ಜೆನ್ಸಿ ನಂಬರ್‌ಗೆ ಮಾಡಿ. ನನಗಲ್ಲ, ಮೊದಲು ಆ ನಂಬರ್‌ಗೆ.”

ಒಂದು ಮಂಗಳವಾರ ಸಂಜೆ ಹೂವಿನವಳ ಹತ್ತಿರ ಮಲ್ಲಿಗೆ ತೆಗೆದುಕೊಂಡು ಬರುತ್ತಿದ್ದಾಗ ಗೇಟಿನ ಹತ್ತಿರ ಆ ವಾಸನೆ ಬಂತು. ಕೊಳೆತ ಮೊಟ್ಟೆಗೂ ಬೆಳ್ಳುಳ್ಳಿಗೂ ನಡುವಿನದು. ಆ ವಾರ ನಮ್ಮ ಬೀದಿಯಲ್ಲಿ ಮೋರಿ ಅಗೆಯುತ್ತಿದ್ದರು. ಜೆಸಿಬಿ ಮಣ್ಣನ್ನು ಗುಡ್ಡೆ ಹಾಕಿ ಹೋಗಿತ್ತು. ಮೋರಿಯದೇ ಇರಬೇಕು ಎಂದು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಮೂಲೆಯ ಇಸ್ತ್ರಿ ಗಾಡಿಯವರೆಗೂ ನಡೆದು ಆ ನಂಬರಿಗೆ ಫೋನ್ ಮಾಡಿದೆ.

ಬೇಗನೇ ಒಬ್ಬ ಯುವಕ ಬೈಕಿನಲ್ಲಿ ಬಂದ. ಕಂಪನಿಯ ಅಂಗಿ ತೊಟ್ಟಿದ್ದ, ಬರಿಗೈ. ಗುಂಡಿಯ ಅಂಚಿನಲ್ಲಿ ಬಗ್ಗಿ, ಮೂಸಿ, ನನ್ನ ಕಡೆ ತಿರುಗಿದ.

“ಆಂಟಿ, ಇದು ಮೋರಿ ಸ್ಮೆಲ್ಲು. ಅಗೆದಿದ್ದಾರಲ್ಲ, ಅದಕ್ಕೆ.”

“ಮೋರಿ ವಾಸನೆ ನಂಗೊತ್ತಿಲ್ವೇನಪ್ಪಾ? ಮೂವತ್ತು ವರ್ಷದಿಂದ ಇದೇ ಬೀದಿಲಿದೀನಿ.”

“ಭಯ ಪಡ್ಬೇಡಿ ಆಂಟಿ. ಏನಾದ್ರೂ ಜಾಸ್ತಿ ಆದ್ರೆ ಮತ್ತೆ ಕಾಲ್ ಮಾಡಿ.”

ಅವನು ಹೊರಟುಹೋದ. ಸಂಜೆಯ ಗಾಳಿಗೆ ವಾಸನೆಯೂ ತಗ್ಗಿತು. ಸೊಸೆ ಮನೆಗೆ ಬಂದಾಗ ನಡೆದದ್ದನ್ನು ಹೇಳಿದೆ. ಅವಳು ಚಪ್ಪಲಿ ಬಿಡದೆ ಹಾಗೇ ಹೊರಗೆ ಹೋಗಿ ನಿಂತು ನೋಡಿದಳು. ಏನೂ ಗೊತ್ತಾಗಲಿಲ್ಲ. “ಬೆಳಿಗ್ಗೆ ಗ್ಯಾಸ್ ಲೀಕ್ ಹಿಡಿಯೋ ಮೀಟರ್ ತರಿಸಿ ಚೆಕ್ ಮಾಡಿಸ್ತೀನಿ” ಎಂದಳು.

ಅಷ್ಟು ಕಾಯಬೇಕಾಗಲಿಲ್ಲ. ಬೆಳಗಾಗುತ್ತಲೇ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದರೆ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ನಾನು ಕೂಗಿದೆ. ಅವಳು ತಲೆ ಬಾಚಿಕೊಳ್ಳುತ್ತಿದ್ದವಳು ಅರ್ಧ ಜಡೆಯಲ್ಲೇ ಹೊರಗೆ ಓಡಿ ಬಂದಳು. ಆಮೇಲೆ ನಾನು ಕಂಡ ಸೊಸೆಯೇ ಬೇರೆ. ದಿನಕ್ಕೆ ನಾಲ್ಕು ಮಾತು ಆಡುವ ಹುಡುಗಿ ಬೀದಿಯ ನಡುವೆ ನಿಂತು, ಎರಡೂ ತುದಿಗೆ ಕೇಳುವ ಹಾಗೆ ಕೂಗಿದಳು. “ಯಾರೂ ಲೈಟ್ ಹಾಕ್ಬೇಡಿ! ಗಾಡಿ ಸ್ಟಾರ್ಟ್ ಮಾಡ್ಬೇಡಿ! ಎಲ್ಲರೂ ಪಾರ್ಕಿಗೆ ನಡೀರಿ!”

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಜಗುಲಿಯಿಂದಲೇ, “ಕಾಫಿ ಡಿಕಾಕ್ಷನ್ ಇಳೀತಾ ಇದೆ, ಕುಡ್ಕೊಂಡು ಬರ್ತೀನಮ್ಮ” ಎಂದರು. ಅವಳು ಗೇಟು ತೆಗೆದು ಒಳಗೆ ಹೋಗಿ ಅವರ ತೋಳು ಹಿಡಿದೇ ಕರೆತಂದಳು. “ಸಾರ್, ಪಾರ್ಕಲ್ಲಿ ನಾನೇ ಕಾಫಿ ತರಿಸಿ ಕೊಡ್ತೀನಿ.” ಬೀದಿಯ ಜನರೆಲ್ಲ ಮನೆಯ ಬಟ್ಟೆಯಲ್ಲೇ ಹೊಂಗೆ ಮರದ ಕೆಳಗೆ ಸೇರಿದೆವು. ಪಾರ್ಕಿನ ಆಚೆ ತುದಿಗೆ ಹೋಗಿ ಅವಳು ಫೋನ್ ಮಾಡಿದ್ದಳು. ಗಾಡಿ ಬಂತು, ಜನ ಇಳಿದರು, ಬೀದಿಯ ತುದಿಯ ಕಬ್ಬಿಣದ ಮುಚ್ಚಳ ಎತ್ತಿ ಗ್ಯಾಸು ನಿಲ್ಲಿಸಿದರು. ಮಣ್ಣು ತೆಗೆದಾಗ ಕಂಡಿತು: ಜೆಸಿಬಿಯ ಹಲ್ಲು ಹಳದಿ ಪೈಪಿಗೆ ತಾಗಿ ಗೀರು ಬಿದ್ದು, ಅದು ಬಾಯಿ ಬಿಟ್ಟಿತ್ತು. ಗ್ಯಾಸು ಮಣ್ಣಿನೊಳಗೇ ಹರಡಿ ಮೋರಿ ಹಿಡಿದು ನಮ್ಮ ಗೇಟಿನವರೆಗೂ ಬಂದಿತ್ತು. ಯಾರಿಗೂ ಏನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೈಪು ಬದಲಾಯಿಸಿ, ಮನೆಮನೆಗೂ ಬಂದು ಒಲೆ ಪರೀಕ್ಷಿಸಿ ಮತ್ತೆ ಗ್ಯಾಸು ಬಿಟ್ಟರು.

ನನ್ನ ಪಾಲಿಗೆ ಕಥೆ ಅಲ್ಲಿಗೆ ಮುಗಿದಿತ್ತು. ಅವಳ ಕೆಲಸ ಶುರುವಾದದ್ದೇ ಅಲ್ಲಿಂದ.

ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಪೈಪ್‌ಲೈನಿನಲ್ಲಿ ಇಂಥ ಅವಘಡವಾದರೆ ಕಂಪನಿಯು ಗೊತ್ತುಪಡಿಸಿದ ಗಡುವಿನೊಳಗೆ ದೆಹಲಿಯ ನಿಯಂತ್ರಣ ಮಂಡಳಿಗೆ ತಿಳಿಸಬೇಕಂತೆ: ಏನಾಯಿತು, ಏಕಾಯಿತು, ಎಷ್ಟು ಮನೆಗಳಿಗೆ ತೊಂದರೆಯಾಯಿತು, ಮೊದಲ ದೂರು ಬಂದದ್ದು ಎಷ್ಟು ಹೊತ್ತಿಗೆ. ಈ ಕೊನೆಯ ಪ್ರಶ್ನೆಗೆ ಬಂದಾಗ ಅವಳ ಮೇಲಧಿಕಾರಿ ಫೋನ್ ಮಾಡಿದರು. ಅವಳು ಟೈಪ್ ಮಾಡುತ್ತಲೇ ಇದ್ದುದರಿಂದ ಸ್ಪೀಕರ್ ಹಾಕಿದ್ದಳು. ನಾನು ಹುರುಳಿಕಾಯಿ ಬಿಡಿಸುತ್ತಾ ಎದುರಿಗೇ ಕೂತಿದ್ದೆ.

“ಟೈಮ್ ಬೆಳಿಗ್ಗೆಯಿಂದ ಹಾಕಿ ಮೇಡಂ” ಎಂದರು ಅವರು. “ಹಿಂದಿನ ಸಂಜೆದು ಬೇರೆ ಕಂಪ್ಲೇಂಟು. ಅದು ಕ್ಲೋಸ್ ಆಗಿದೆ.”

“ಕ್ಲೋಸ್ ಮಾಡಿದ್ದೀವಿ ಸಾರ್. ಲೀಕ್ ಕ್ಲೋಸ್ ಆಗಿರಲಿಲ್ಲ.”

“ಅದು ಮೋರಿ ವಾಸನೆನೂ ಆಗಿರಬಹುದಲ್ಲ?”

“ಮೀಟರ್ ಇಟ್ಟು ನೋಡಿದ್ರೆ ಹಾಗನ್ನಬಹುದಿತ್ತು. ನಮ್ಮ ಹುಡುಗನ ಹತ್ರ ಮೀಟರೇ ಇರಲಿಲ್ಲ.”

ಅವರ ದನಿ ಬದಲಾಯಿತು. “ಮೇಡಂ, ಫೋನ್ ಮಾಡಿದ್ದು ನಿಮ್ಮ ಅತ್ತೆಯವರು. ಅತ್ತೆ ಹೇಳಿದ್ರು ಅಂತ ಕಂಪನಿ ಮೇಲೆ ಬರೀತಿದ್ದಾರೆ ಅಂತ ಜನ ಆಡ್ಕೊಳ್ತಾರೆ.”

ನನ್ನ ಕೈ ನಿಂತಿತು. ನನ್ನಿಂದ ಈ ಹುಡುಗಿಗೆ ಎಂಥ ಫಜೀತಿ ಎನಿಸಿತು. ಬಿಡಮ್ಮ, ಬೆಳಿಗ್ಗೆ ಅಂತಲೇ ಹಾಕು ಎಂದು ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ.

“ಅದನ್ನೂ ಬರೀತೀನಿ ಸಾರ್. ದೂರು ಕೊಟ್ಟವರು ವರದಿ ಬರೆಯೋಳ ಅತ್ತೆ ಅಂತ. ಓದೋರು ಬೇಕಾದ್ರೆ ಕೇಳಲಿ. ಬೇರೆ ಯಾವ ಆಂಟಿ ಫೋನ್ ಮಾಡಿದ್ರೂ ನಾನು ಸಂಜೆ ಅಂತಲೇ ಹಾಕ್ತಿದ್ದೆ.”

ಫೋನ್ ಇಟ್ಟ ಮೇಲೆ ಕೇಳಿದೆ: “ಕೆಲಸಕ್ಕೇನಾದ್ರೂ ತೊಂದ್ರೆ ಆದ್ರೆ?”

“ಆಗಬಹುದು ಅತ್ತೆ” ಎಂದಳು. ಟೈಪ್ ಮಾಡುತ್ತಲೇ ಮಾತು ಮುಂದುವರಿಸಿದಳು. “ಬೆಳಿಗ್ಗೆ ಅಂತ ಹಾಕಿದ್ರೆ ನಾವು ಸಖತ್ ಫಾಸ್ಟಾಗಿ ಬಂದ್ವಿ ಅಂತ ಕಾಣುತ್ತೆ. ಮೀಟರ್ ಇಲ್ಲದೆ ಹುಡುಗರನ್ನ ಕಳಿಸ್ತಿದ್ದೀವಿ ಅನ್ನೋದು ಯಾರಿಗೂ ಗೊತ್ತಾಗಲ್ಲ. ಇನ್ನೊಂದು ಬೀದಿಲೂ ಹೀಗೇ ಮೂಸಿ ನೋಡಿ ಹೋಗ್ತಾರೆ.”

ಆ ಯುವಕನ ಬಗ್ಗೆ ಏನು ಬರೆದೆ ಎಂದು ಕೇಳಿದೆ. ಅವನ ಮೇಲೆ ನನಗೆ ಸಿಟ್ಟಿತ್ತು. ಅವಳು ಆ ಸಾಲನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಳು: ಕರೆಗೆ ತಡಮಾಡದೆ ಬಂದಿದ್ದಾನೆ, ಆದರೆ ಅನಿಲ ಪತ್ತೆಹಚ್ಚುವ ಉಪಕರಣವನ್ನು ಕಂಪನಿ ಅವನಿಗೆ ಕೊಟ್ಟಿರಲಿಲ್ಲ. ನನ್ನ ಸಿಟ್ಟು ಇಳಿಯಿತು. ಅವಳಿಗಿಂತ ದುಪ್ಪಟ್ಟು ವಯಸ್ಸಿನವಳು ನಾನು, ನನಗೆ ಆ ನಿಧಾನ ಇರಲಿಲ್ಲ.

ಮೇಲಧಿಕಾರಿ ಮಾರನೆಯ ದಿನ ಅದೇ ವರದಿಗೆ ಸಹಿ ಹಾಕಿದರು. ಏಕೆ ಒಪ್ಪಿದರೋ ಅವಳಿಗೂ ಸರಿಯಾಗಿ ತಿಳಿಯದು. ಕೆಲವು ದಿನ ಅವಳ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲವಂತೆ. ಅವಳ ಊಟದ ಡಬ್ಬಿ ಅರ್ಧ ಹಾಗೇ ವಾಪಸ್ ಬರುತ್ತಿತ್ತು. ನಾನು ಏನೂ ಕೇಳದೆ ಅವಳಿಗೆ ಇಷ್ಟವಾದ ಗೊಜ್ಜವಲಕ್ಕಿ ಮಾಡಿ ತುಂಬಿಸಿ ಕಳಿಸುತ್ತಿದ್ದೆ. ಶನಿವಾರ ಬಂದ ಮಗನಿಗೆ ವಿಷಯ ಹೇಳಿದಾಗ ಅವನು, “ಇವಳು ಹಾಗೇನೇ ಅಮ್ಮ, ಅದಕ್ಕೇ ತಾನೇ ಮದುವೆ ಆಗಿದ್ದು” ಎಂದ.

ಮಂಡಳಿಯಿಂದ ಇಬ್ಬರು ಅಧಿಕಾರಿಗಳು ಬೀದಿಗೇ ಬಂದು ನೋಡಿದರು. ನನ್ನನ್ನೂ ಕೇಳಿದರು. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ, ಎಕ್ಸ್‌ಚೇಂಜಿನಲ್ಲಿ ಕಲಿತ ಇಂಗ್ಲಿಷಿನಲ್ಲೇ ಉತ್ತರಿಸಿದೆ. ಸೊಸೆ ಬೇಕೆಂದೇ ಆ ಹೊತ್ತು ದೂರ ಹೋಗಿ ನಿಂತಿದ್ದಳು. ಹೊರಡುವಾಗ ಅವರಲ್ಲಿ ಹಿರಿಯರು, ಹೀಗೆ ತಮ್ಮ ಲೋಪವನ್ನು ತಾವೇ ಬರೆದು ಕಳಿಸುವವರು ಕಡಿಮೆ ಎಂದು ಅವಳ ಮೇಲಧಿಕಾರಿಯ ಮುಂದೆಯೇ ಹೇಳಿದರು. ಆ ಮನುಷ್ಯ ಕೆಮ್ಮಿ, “ನಮ್ಮ ಮೇಡಂ ಸ್ಟ್ರಿಕ್ಟು ಸಾರ್” ಎಂದರು. ಅವರ ದನಿಯಲ್ಲೂ ಹೆಮ್ಮೆಯಿದ್ದಂತೆ ನನಗೆ ಕೇಳಿಸಿತು.

ಆಮೇಲೆ ಬೈಕಿನಲ್ಲಿ ಹೋಗುವ ಪ್ರತಿಯೊಬ್ಬರಿಗೂ ಮೀಟರು ಬಂತು. ವಾಸನೆಯ ದೂರನ್ನು ಅಳತೆ ಮಾಡಿ ನೋಡದೆ ಮುಗಿಸುವಂತಿಲ್ಲ ಎಂದು ಕಂಪನಿಯಲ್ಲಿ ನಿಯಮವಾಯಿತು.

ಈಚೆಗೆ ಅಂಜನಾಪುರದ ಕಡೆ ಹೊಸ ಪೈಪು ಹಾಕುತ್ತಿದ್ದಾರೆ. ಅಲ್ಲಿನ ನಿವಾಸಿಗಳ ಸಭೆಗೆ ಅವಳು ಮಾತಾಡಲು ಹೋದಾಗ ನಾನೂ ಜೊತೆಗೆ ಹೋದೆ. ಹಳೇ ಊರಿನ ಹೆಂಗಸೊಬ್ಬರು ಎದ್ದು ನಿಂತು, “ನೆಲದೊಳಗೆ ಏನೋ ಆದ್ರೆ ನಮಗೆಂಗೆ ಗೊತ್ತಾಗ್ತದವ್ವಾ? ನೀವು ಹೇಳ್ತೀರಾ, ಮುಚ್ಚಾಕ್ತೀರಾ?” ಎಂದು ನೇರವಾಗಿ ಕೇಳಿದರು. ಸಭೆ ನಕ್ಕಿತು. ಸೊಸೆ ನಗಲಿಲ್ಲ.

“ಹೇಳ್ತೀವಿ ಅಮ್ಮಾ. ಹೇಳೋದೇ ನನ್ನ ಕೆಲಸ” ಎಂದಳು.

ಆ ಹೆಂಗಸು ಅವಳನ್ನೇ ನೋಡುತ್ತಾ ಕೂತರು. ಕುರ್ಚಿ ನನ್ನ ಪಕ್ಕದ್ದೇ. “ಯಾರ್ ಮನೆ ಹುಡುಗಿನೋ, ಗಟ್ಟಿಯಾಗವ್ಳೆ” ಎಂದು ಮೆಲ್ಲಗೆ ಅಂದರು.

“ನಮ್ಮನೆಯವಳೇ” ಎಂದೆ.